ಸೀಮಂತದ ಮೊಗ್ಗಿನ ಜಡೆ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಜನ ಆಡಿಕೊಳ್ಳುತ್ತಾರಲ್ಲ, ಆ ಜುಟ್ಟಿನವರ ದಯೆಯಿಂದಲೇ ಚನ್ನಪಟ್ಟಣದ ಬಸ್ ನಿಲ್ದಾಣದ ಪಕ್ಕದಲ್ಲಿ ತಾಹೇರಾಳ ಹೂವಿನ ಅಂಗಡಿ ನಡೆಯುತ್ತಿತ್ತು. ಅಂಗಡಿ ಎಂದರೆ ಏನು ಮಹಾ, ಒಂದು ತಗಡಿನ ಮಾಡು, ಒಂದು ಹಲಗೆ, ನೀರು ಚಿಮುಕಿಸಲು ಒಂದು ಚೆಂಬು. ಆದರೆ ಫೋನಿಗೆ ವಾಟ್ಸಾಪ್ ಬಂದ ಮೇಲೆ ವ್ಯಾಪಾರ ದೂರದೂರಕ್ಕೆ ಹಬ್ಬಿಬಿಟ್ಟಿತ್ತು. ಸಾತನೂರಿನ ಮದುವೆ, ಕಬ್ಬಾಳಿನ ಹರಕೆ, ಮಾಗಡಿ ಕಡೆಯ ಗೃಹಪ್ರವೇಶ, ಯಾವುದಾದರೂ ಆಗಲಿ, ಜನ ಕೂತಲ್ಲಿಂದಲೇ ಇಂಥ ದಿನಕ್ಕೆ ಇಂಥ ಹಾರ ಬೇಕೆಂದು ಹೇಳಿಬಿಡುವರು. ತಾಹೇರಾ ಹೂವು ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ, ಬುಟ್ಟಿಯ ಬಾಯಿ ಬಿಗಿದು, ಬೆಳಗಿನ ಸರ್ಕಾರಿ ಬಸ್ಸಿಗೆ ಹಾಕುವಳು. ಕಂಡಕ್ಟರು ಅದನ್ನು ಊರ ಬಾಗಿಲಲ್ಲಿ ಇಳಿಸಿ ಹೋಗುವನು.

ಈ ಸೀಮೆಯಲ್ಲಿ ಹೂವು ಕಳಿಸುವುದಕ್ಕೆ ಒಂದು ಕಟ್ಟಳೆ ಉಂಟು. ಹಳ್ಳಿಯ ಮನೆಮನೆಯಲ್ಲೂ ರೇಷ್ಮೆ ಹುಳ ಸಾಕುತ್ತಾರೆ. ಹುಳ ಮೇಯುವ ಮನೆಗೆ ಔಷಧಿ ಹೊಡೆದ ಹೂವು ಹೋಗಕೂಡದು. ಹೂವು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಕು, ನಾಲ್ಕು ದಿನದಲ್ಲಿ ಗೂಡು ಕಟ್ಟಬೇಕಾದ ಹುಳ ತಲೆ ಎತ್ತಿ, ಹಸಿರು ನೀರು ಕಕ್ಕಿ ಸತ್ತುಬೀಳುತ್ತದೆ. ತಾಹೇರಾಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಗಂಡ ಗಫಾರ್ ಚಿಕ್ಕಂದಿನಿಂದ ರೇಷ್ಮೆ ನೂಲು ಬಿಚ್ಚುವವನು, ಮದುವೆಯಾದ ಹೊಸದರಲ್ಲಿ ಅವಳೂ ಬಿಸಿನೀರಿನ ಮುಂದೆ ಕೂತು ಕೈ ಬೇಯಿಸಿಕೊಂಡವಳೇ. ಹಾಗಾಗಿ ಯಾರು ಹೂವು ಹೇಳಿದರೂ ಅವಳ ಮೊದಲ ಪ್ರಶ್ನೆ, "ಮನೇಲಿ ಹುಳ ಐತಾ?" ಐತೆ ಎಂದರೆ ಅಂಕಮ್ಮನ ತೋಟದ ಹೂವೇ ಹೋಗಬೇಕು. ಅಂಕಮ್ಮ ಹಠಮಾರಿ ಮುದುಕಿ, ಸಗಣಿ ಗಂಜಲ ಬಿಟ್ಟು ಬೇರೇನನ್ನೂ ಗಿಡದ ಹತ್ತಿರ ಸುಳಿಯಗೊಟ್ಟವಳಲ್ಲ. ಹೂವು ಸಣ್ಣದು, ಅಲ್ಲಲ್ಲಿ ತೂತು. ಆದರೆ ಹುಳದ ಮನೆಗೆ ಅದೇ ಚಿನ್ನ.

ಆ ವಾರ ಜಯಶೀಲಳ ಸೀಮಂತಕ್ಕೆ ಹೂವು ಹೇಳಿದ್ದರು. ಹೇಳಿದವಳು ಜಯಶೀಲಳೇ. ಕಾಲೇಜಿಗೆ ಹೋಗುವಾಗ ದಿನಾ ಒಂದು ಮೊಳ ಕನಕಾಂಬರ ಕೊಂಡು, ಅಲ್ಲೇ ನಿಂತು ತಾಹೇರಾಳ ಕೈಯಲ್ಲೇ ಮುಡಿಸಿಕೊಳ್ಳುತ್ತಿದ್ದ ಹುಡುಗಿ. ಸಾತನೂರಿನಾಚೆ, ಕಬ್ಬಾಳಿನ ದಾರಿಯ ಒಂದು ಊರಿಗೆ ಸೊಸೆಯಾಗಿ ಹೋಗಿದ್ದಳು. ಅತ್ತೆ ಕೆಂಚಮ್ಮನದು ದೊಡ್ಡ ಕೈ, ದೊಡ್ಡ ಬಾಯಿ. ಜಯಶೀಲ ಹೊಸಿಲು ದಾಟಿದ ತಿಂಗಳೇ ಆ ಮನೆಯ ಹುಳವೆಲ್ಲ ಸುಣ್ಣಕಟ್ಟು ರೋಗ ಬಂದು ಹೋಯಿತು. ರೋಗ ಯಾರ ಮನೆಗೆ ಬರುವುದಿಲ್ಲ? ಆದರೆ ಮನೆಗೆ ಹೊಸ ಸೊಸೆ ಬಂದಿರುವಾಗ ಜನ ರೋಗದ ಹೆಸರು ಹೇಳುವುದಿಲ್ಲ, ಸೊಸೆಯ ಕಾಲ್ಗುಣ ಎನ್ನುತ್ತಾರೆ. ಕೆಂಚಮ್ಮ ಸೊಸೆಯನ್ನು ಹುಳದ ಮನೆಯ ಬಾಗಿಲಿಗೇ ಬಿಡಲಿಲ್ಲ. ಊರವರು ಸಾಲದೆಂದು ನಾದಿನಿಯೂ ಎರಡು ಮಾತು ಸೇರಿಸಿದಳು. ಹುಡುಗಿ ಫೋನಿನಲ್ಲಿ ಇದನ್ನೆಲ್ಲ ನಗುನಗುತ್ತಲೇ ಹೇಳುವಳು, ಆ ನಗು ಕೇಳಿದರೆ ತಾಹೇರಾಗೆ ಸಂಕಟವಾಗುತ್ತಿತ್ತು.

ಈಗ ಹುಡುಗಿಗೆ ಏಳು ತಿಂಗಳು. ಯಾರೋ ಹಿರಿಯರು ದಾರಿ ಹೇಳಿದರಂತೆ. ಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದ ದಿನ ಮೊದಲ ಸೊಪ್ಪನ್ನು ತುಂಬಿದ ಬಸುರಿಯ ಕೈಯಲ್ಲಿ ಹಾಕಿಸಿದರೆ ಲಕ್ಷ್ಮಿ ಒಲಿಯುತ್ತಾಳೆ ಎಂದು. ಅದಕ್ಕೇ ಸೀಮಂತವನ್ನು ಆ ದಿನಕ್ಕೆ ಸರಿಯಾಗಿ ಇಟ್ಟುಕೊಂಡಿದ್ದರು. ಮಡಿಲು ತುಂಬಿ, ಮೊಗ್ಗಿನ ಜಡೆ ಹಾಕಿದ ಸೊಸೆ ಹಾಗೇ ಎದ್ದುಹೋಗಿ ಹುಳದ ಮನೆಯಲ್ಲಿ ಸೊಪ್ಪು ಹರಡಬೇಕು. "ಅಕ್ಕ, ಹುಳ ಈ ಸತಿ ಚೆನ್ನಾಗ್ ಬಂದ್ಬುಟ್ರೆ ನಾನೂ ಆ ಮನೆಯೋಳಾಗೋಯ್ತೀನಿ. ಹೂವ ಮಾತ್ರ ಅಂಕಮ್ಮಜ್ಜಿದೇ ಇರ್ಲಿ" ಎಂದು ಧ್ವನಿ ಸಂದೇಶ ಕಳಿಸಿದ್ದಳು.

"ಅದ್ನ ನಂಗೇಳ್ತೀಯೇನೆ?" ಎಂದು ತಾಹೇರಾ ಗದರಿದ್ದಳು.

ಸೀಮಂತದ ಹಿಂದಿನ ದಿನ ಮಧ್ಯಾಹ್ನ ಆಲಿಕಲ್ಲು ಮಳೆ ಬಿತ್ತು. ಅಂಕಮ್ಮನ ತೋಟದ ಮೊಗ್ಗೆಲ್ಲ ನೆಲ ಕಚ್ಚಿದವು. ಮೊಗ್ಗಿನ ಜಡೆಗೆ ಹಿಡಿ ಮೊಗ್ಗು ಸಾಲದು, ಬುಟ್ಟಿಗಟ್ಟಲೆ ಬೇಕು, ಒಂದೇ ಅಳತೆಯವು ಬೇಕು. ತಾಹೇರಾ ಗುರುತಿನ ತೋಟಕ್ಕೆಲ್ಲ ಫೋನು ಮಾಡಿ ಸೋತಳು. ಇನ್ನೂ ಕತ್ತಲಿರುವಾಗಲೇ, ಆಲಿಕಲ್ಲು ಬೀಳದೆ ಬರೀ ಮಳೆಯಾಗಿದ್ದ ಮರಳವಾಡಿ ಕಡೆಯ ಬೈರಪ್ಪ ಟೆಂಪೋದಲ್ಲಿ ಮಲ್ಲಿಗೆ ಮೊಗ್ಗು, ಗುಲಾಬಿ ತಂದಿಳಿಸಿದ. ಮೊಗ್ಗು ನೋಡಿದರೆ ಕಣ್ಣು ತಂಪಾಗಬೇಕು, ಒಂದರಲ್ಲೂ ತೂತಿಲ್ಲ, ಕಲೆಯಿಲ್ಲ.

ಆಗ ಅವಳು ಕೇಳಬೇಕಿತ್ತು. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಔಷಧಿ ಹೊಡೆದಿದ್ದೀಯಾ ಎಂದು ಕೇಳಿದರೆ ಅವನು ಹೊಡೆದಿದ್ದೀನಿ ಎನ್ನಬಹುದು, ಎಂದರೆ ಹುಡುಗಿಗೆ ಹೂವಿಲ್ಲ. ಸೀಮಂತಕ್ಕೆ ಮೊಗ್ಗಿನ ಜಡೆ ಬರಲಿಲ್ಲ ಎಂದರೆ ಕೆಂಚಮ್ಮನ ಬಾಯಿಗೆ ಅದೊಂದು ತುತ್ತು. ಆ ಉತ್ತರಕ್ಕೆ ಹೆದರಿ ತಾಹೇರಾ ಪ್ರಶ್ನೆಯನ್ನೇ ನುಂಗಿಬಿಟ್ಟಳು. ಕಟ್ಟುವಾಗ ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ ಎಳೆದಾಗ ನಾಲಿಗೆ ಕಹಿಯಾಯಿತು. ನಿದ್ದೆಗೆಟ್ಟ ಬಾಯಿ, ಕಹಿಯಾಗದೆ ಸಿಹಿಯಾಗುತ್ತದೆಯೇ ಎಂದುಕೊಂಡು ಮುಂದಿನ ಗಂಟು ಹಾಕಿದಳು. ಜಡೆ, ಎರಡು ಗುಲಾಬಿ ಹಾರ, ಬಾಗಿಲಿಗೊಂದು ಮಾಲೆ, ಎಲ್ಲ ಬುಟ್ಟಿ ಸೇರಿ ಸಾತನೂರಿನ ಬಸ್ಸು ಹತ್ತಿದವು.

ಬಸ್ಸು ಹೋಗಿ ಬಹಳ ಹೊತ್ತಾದ ಮೇಲೆ ಬೈರಪ್ಪ ಸಂತೆ ಮುಗಿಸಿಕೊಂಡು ಬಂದು ಅಂಗಡಿಯ ಮುಂದೆ ಟೀ ಕುಡಿಯುತ್ತ ನಿಂತ. ತನ್ನ ಹೂವನ್ನು ತಾನೇ ಹೊಗಳಿಕೊಳ್ಳುವುದು ಅವನ ಚಟ.

"ಹೆಂಗಿತ್ತಕ್ಕ ಮೊಗ್ಗು? ಮುತ್ತು ಪೋಣಿಸ್ದಂಗಿರ್ನಿಲ್ವಾ? ಮಳೆ ನಿಂತ ತಕ್ಷಣ ಹೊಡ್ದೆ ನೋಡು, ಮಳೇಲಿ ಎದ್ದ ನುಸಿ ಎಲ್ಲಾ ಅಲ್ಲಲ್ಲೇ ಉದ್ರೋದ್ವು."

"ಏನ್ ಹೊಡ್ದೆ?"

"ಇನ್ನೇನ್ ಹೊಡೀತಾರಕ್ಕ, ಔಷಧಿ. ಹೊಸದು ಬಂದೈತೆ, ಒಸಿ ಹಾಕುದ್ರೆ ಸಾಕು, ಬಲು ಜೋರು."

ತಾಹೇರಾಳ ಕೈಯಲ್ಲಿದ್ದ ಚೆಂಬು ಬಿತ್ತು. ಬೈರಪ್ಪ ಬಗ್ಗಿ ಅದನ್ನು ಎತ್ತಿಕೊಟ್ಟು, ಯಾಕಕ್ಕ ಹುಷಾರಿಲ್ವಾ ಎಂದು ಕೇಳಿದ. ಅವನನ್ನು ಬೈದೇನು ಫಲ? ಅವನೇನು ಬಚ್ಚಿಟ್ಟಿದ್ದನೇ? ಕೇಳಿದವರಿಗೆ ಹೇಳುತ್ತಿದ್ದ.

ಜಯಶೀಲಳಿಗೆ ಫೋನು ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದಳು, ಮತ್ತೆ ನಿಂತಿತು. ಹಸೆಯ ಮೇಲೆ ಕೂತ ಹುಡುಗಿಯ ಫೋನು ಯಾವ ಗೂಡಿನಲ್ಲಿದೆಯೋ. ಆ ಮನೆಯ ಬೇರೆ ಯಾರ ನಂಬರೂ ಅವಳಲ್ಲಿರಲಿಲ್ಲ. 'ಆ ಹೂವ ಹುಳದ ಹತ್ರ ತಗೊಂಡೋಗ್ಬ್ಯಾಡ' ಎಂದು ಧ್ವನಿ ಸಂದೇಶ ಕಳಿಸಿದಳು. ಕಳಿಸಿದ ಗಳಿಗೆಯೇ ಇನ್ನೊಂದು ಭಯ ಹಿಡಿಯಿತು. ಫೋನು ಅತ್ತೆಯ ಕೈಯಲ್ಲೋ ನಾದಿನಿಯ ಕೈಯಲ್ಲೋ ಇದ್ದರೆ? ಸೊಸೆ ವಿಷದ ಹೂವು ತರಿಸಿದ್ದಾಳೆ ಎಂದು ಅಷ್ಟು ಜನರ ಮುಂದೆ ಆ ಸಂದೇಶವೇ ಸಾರಿಬಿಡುತ್ತದೆ. ಕೂಡಲೇ ಅದನ್ನು ಅಳಿಸಿದಳು. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಕೊನೆಗೆ ಪಕ್ಕದ ನಿಲ್ದಾಣದಲ್ಲಿದ್ದ ನೆರೆಮನೆಯ ಮೆಹಬೂಬನ ಆಟೋ ಹತ್ತಿ ಕೂತಳು.

"ಎಲ್ಲಿಗೆ ಭಾಬಿ?"

"ಕಬ್ಬಾಳಿನ ದಾರಿ. ಓಡ್ಸು. ಮಾತಾಡ್ಬೇಡ, ಓಡ್ಸು."

ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು ಮಳೆಗೆ ತೊಳೆದುಕೊಂಡು ನಿಂತಿದ್ದವು. ತಾಹೇರಾಳ ಕಣ್ಣಿಗೆ ಅದೊಂದೂ ಕಾಣಲಿಲ್ಲ. ತಟ್ಟೆ ತಟ್ಟೆಯಲ್ಲಿ ತಲೆ ಎತ್ತಿ ಒದ್ದಾಡುವ ಹುಳಗಳು ಕಂಡವು, ಅವುಗಳ ಮಧ್ಯೆ ಮೊಗ್ಗಿನ ಜಡೆ ಹಾಕಿಕೊಂಡು ನಿಂತ ಹುಡುಗಿ ಕಂಡಳು. ಮೊದಲ ಸಲ ರೋಗ, ಎರಡನೇ ಸಲ ಇವಳ ಕೈಯಿಂದಲೇ ಬಿದ್ದ ಸೊಪ್ಪು. ಇನ್ನು ಆ ಮನೆಯಲ್ಲಿ ಅವಳಿಗೆ ಜಾಗವೆಲ್ಲಿ? ಹುಟ್ಟುವ ಮಗುವಿಗೂ ಅದೇ ಹೆಸರು ಅಂಟುತ್ತದೆ.

ಸಾತನೂರು ಹತ್ತಿರ ಬಂದಾಗ ಮನಸ್ಸು ಕಳ್ಳ ದಾರಿ ಹಿಡಿಯಿತು. ವಾಪಸ್ಸು ತಿರುಗಿದರೆ? ಹುಳ ಸಾಯುವುದಕ್ಕೆ ನೂರು ಕಾರಣ, ಸೆಕೆ, ಶೀತ, ನೆಂದ ಸೊಪ್ಪು. ಹೂವಿನ ಮೇಲೆ ಯಾರು ಬೊಟ್ಟು ಮಾಡುತ್ತಾರೆ? ತಾನು ಹೋಗಿ ಬಾಯಿ ಬಿಟ್ಟರೆ ನಾಳೆಯಿಂದ ಹುಳ ಸಾಕುವ ಒಂದು ಮನೆಯವರೂ ತನ್ನ ಹೂವು ಮುಟ್ಟುವುದಿಲ್ಲ. ಹಳ್ಳಿಯವರು ಸುಮ್ಮನೆ ಬಿಡುತ್ತಾರೆಂದೂ ನಂಬಿಕೆಯಿಲ್ಲ. ತಾಹೇರಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ತಿರುಗಿಸು ಎಂದು ಹೇಳಲಿಲ್ಲ. ಧೈರ್ಯದಿಂದ ಹೇಳಲಿಲ್ಲವೋ, ನಾಲಿಗೆ ಒಣಗಿದ್ದರಿಂದ ಹೇಳಲಿಲ್ಲವೋ, ಅವಳಿಗೇ ತಿಳಿಯದು.

ಕೆಂಚಮ್ಮನ ಮನೆಯ ಮುಂದೆ ಚಪ್ಪರ ಹಾಕಿತ್ತು. ಹೆಂಗಸರು ಸೋಬಾನೆ ಹಾಡುತ್ತಿದ್ದರು. ಹುಳದ ಮನೆ ಹಿತ್ತಲಿನಲ್ಲಿ ಉದ್ದಕ್ಕೆ ಬೇರೆಯೇ ಇತ್ತು, ಅದರ ಬಾಗಿಲು ತೆರೆದಿತ್ತು. ಸೀಮಂತ ಮುಗಿದು ಕೆಂಚಮ್ಮ ದೀಪ ಹಿಡಿದು ಆ ಕಡೆಗೇ ಹೊರಟಿದ್ದಳು. ಅವಳ ಹಿಂದೆ ಜಯಶೀಲ, ಹಸಿರು ಸೀರೆ, ಕೊರಳಲ್ಲಿ ಗುಲಾಬಿ ಹಾರ, ಬೆನ್ನ ತುಂಬ ಮೊಗ್ಗಿನ ಜಡೆ, ಕೈಯಲ್ಲಿ ಸೊಪ್ಪಿನ ಮಂಕರಿ. ತಾಹೇರಾ ಆಟೋ ನಿಲ್ಲುವ ಮೊದಲೇ ಇಳಿದು ಓಡಿದಳು.

"ನಿಲ್ಲವ್ವಾ! ಒಳೀಕ್ ಹೋಗ್ಬ್ಯಾಡ! ಹೂವಿಗೆ ಔಷಧಿ ಹೊಡ್ದವ್ರೆ!"

ಹಾಡು ನಿಂತಿತು. ಕೆಂಚಮ್ಮ ದೀಪ ಹಿಡಿದೇ ತಿರುಗಿದಳು. "ಯಾರಮ್ಮ ನೀನು?"

"ಹೂ ಕಳ್ಸ್ದೋಳು ತಾಯಿ, ಚನ್ನಪಟ್ಣದಿಂದ. ತಪ್ಪು ನಂದು, ಹುಡ್ಗೀದಲ್ಲ. ಅವ್ಳು ಒಳ್ಳೆ ಹೂವೇ ಕೇಳಿದ್ಳು. ನಾನು ವಿಚಾರಿಸ್ದೆ ಕಟ್ಬುಟ್ಟೆ. ಜಡೆ ತೆಗ್ಸಿ ತಾಯಿ, ಹಾರ ತೆಗ್ಸಿ, ಕೈ ತೊಳ್ಸಿ ಆಮೇಲೆ ಸೊಪ್ಪು ಹಾಕ್ಸಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಸೀಮಂತದ ದಿನ ಬಸುರಿಯ ಮುಡಿಯಿಂದ ಹೂವು ಕೀಳುವುದೆಂದರೆ ಸಾಮಾನ್ಯವೇ? ಆಡಬಾರದ ಮಾತು ಅದು. "ಯಾವಳೋ ಹೂ ಮಾರೋಳು ಬಂದು ಹೇಳುದ್ಲು ಅಂತ ತುಂಬಿದ್ ಮುಡಿ ಬಿಚ್ಚಾರಾ?" ಎಂದು ನಾದಿನಿ ಮುಂದೆ ಬಂದಳು. ಜಯಶೀಲಳ ಗಂಡ ಪುಟ್ಟಸ್ವಾಮಿ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ನೆಲ ನೋಡಿದ.

ಕೆಂಚಮ್ಮ ಹೆದರಿದ್ದಳು. ಮುಡಿ ಬಿಚ್ಚಿದರೆ ಒಂದು ಕೇಡು, ಬಿಚ್ಚದಿದ್ದರೆ ಇನ್ನೊಂದು. ಕೊನೆಗೆ, "ಮಾತ್ಯಾಕೆ, ಹುಳಾನೇ ಹೇಳ್ಲಿ" ಎಂದಳು. ಮಗ ಒಳಗಿಂದ ಮೊರದಲ್ಲಿ ಒಂದು ಹಿಡಿ ಹುಳ ತಂದಿಟ್ಟ. ಕೆಂಚಮ್ಮ ಒಂದಿಷ್ಟು ಸೊಪ್ಪು ಹರಡಿ, ಬುಟ್ಟಿಯ ತಳದಲ್ಲಿ ಉಳಿದಿದ್ದ ಮೊಗ್ಗುಗಳನ್ನು ಅದರ ಮೇಲೆ ಹಿಸುಕಿ ಉಜ್ಜಿ ಹಾಕಿದಳು. ಜನ ಸುತ್ತ ಬಗ್ಗಿ ನಿಂತರು. ಜ್ವರದಿಂದ ಎದ್ದು ಹಸಿದಿದ್ದ ಹುಳಗಳು ಸೊಪ್ಪಿಗೆ ಬಾಯಿ ಹಚ್ಚಿದವು.

ಏನೂ ಆಗಲಿಲ್ಲ. ಹುಳ ತಿನ್ನುತ್ತಿದ್ದವು, ಬೆಳ್ಳಗೆ, ಮೈ ತುಂಬಿಕೊಂಡು. "ನೋಡುದ್ರಾ?" ಎಂದು ನಾದಿನಿ ಶುರು ಮಾಡಿದಳು. ತಾಹೇರಾ ಮೊರದ ಮೇಲೆ ಇನ್ನಷ್ಟು ಬಗ್ಗಿದಳು. ವಿಷ ಏರುವುದು ತಡವಾದರೆ ತನ್ನ ಮಾತು ಸುಳ್ಳಾಗುತ್ತದೆ, ಹುಡುಗಿ ಹೂವಿನೊಂದಿಗೇ ಒಳಗೆ ಹೋಗುತ್ತಾಳೆ, ಸಂಜೆಯ ಹೊತ್ತಿಗೆ ಒಳಗಿನವು ಸಾಯುತ್ತವೆ. ಯಾ ಅಲ್ಲಾ, ಇವನ್ನು ಸಾಯಿಸು ಎಂದು ಬೇಡಿಕೊಂಡಳು. ಹುಳದ ಅನ್ನ ತಿಂದ ಮನೆಯವಳು, ಬೇಡಬಾರದ್ದನ್ನು ಬೇಡಿಕೊಂಡಳು. ಅಂಥ ದುವಾ ಮಾಡಿದ ನಾಲಿಗೆಯ ಬಗ್ಗೆ ಅವಳಿಗೇ ಹೆದರಿಕೆಯಾಯಿತು.

ಒಂದು ಹುಳ ತಿನ್ನುವುದನ್ನು ನಿಲ್ಲಿಸಿತು. ತಲೆಯನ್ನು ಮೇಲೆತ್ತಿ ಅತ್ತಿತ್ತ ಆಡಿಸಿತು. ಪಕ್ಕದ್ದೂ ತಲೆ ಎತ್ತಿತು. ಆಮೇಲೆ ಒಂದೊಂದಾಗಿ ಎಲ್ಲವೂ ಎತ್ತಿದವು, ಮೈ ಹುರಿ ಮಾಡಿಕೊಂಡು ಹೊರಳಿದವು, ಬಾಯಿಂದ ಹಸಿರು ನೀರು ಬಿಟ್ಟವು. ಸೊಪ್ಪಿನ ಅಂಚಿನಿಂದ ಜಾರಿ ಮೊರದೊಳಗೆ ಬಿದ್ದು, ಗಿಡ್ಡವಾಗಿ, ಸುಮ್ಮನಾದವು.

"ಅಯ್ಯೋ ನನ್ನಪ್ಪ! ಬಾಗ್ಲು ಹಾಕ್ರೋ!" ಕೆಂಚಮ್ಮ ಚೀರಿದಳು. ಆ ಚೀರಿಗೆ ಅಂಗಳವೆಲ್ಲ ಎದ್ದುಹೋಯಿತು. ಒಬ್ಬ ಹುಳದ ಮನೆಯ ಬಾಗಿಲು ಎಳೆದ, ಇನ್ನೊಬ್ಬ ಹೊಸಿಲಿಗೆ ಸುಣ್ಣದ ಪುಡಿ ಸುರಿದ. ನಾದಿನಿ ಬಾಗಿಲ ಮಾಲೆ ಕಿತ್ತು ಬೀದಿಗೆಸೆದು ಕೈ ತೊಳೆಯಲು ಓಡಿದಳು. ಪುಟ್ಟಸ್ವಾಮಿ ಕಿಟಕಿಯ ಪರದೆ ಇಳಿಸುತ್ತಿದ್ದ. ಮೊರ ತಿಪ್ಪೆಗೆ ಹೋಯಿತು. ಜಯಶೀಲಳ ಕೈಯಲ್ಲಿದ್ದ ಸೊಪ್ಪಿನ ಮಂಕರಿಯನ್ನು ಯಾರೋ ಕಿತ್ತುಕೊಂಡು, ದೂರ ನಿಂತ್ಕೊ ಎಂದು ಅವಳನ್ನು ಬದಿಗೆ ಸರಿಸಿದರು.

ಜಯಶೀಲ ದೂರವೇ ನಿಂತಿದ್ದಳು. ಹಾರ ಕೊರಳಲ್ಲೇ ಇತ್ತು. ಜಡೆ ಬೆನ್ನ ಮೇಲೇ ಇತ್ತು. ಅವಳು ಮೆಲ್ಲಗೆ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಅದನ್ನು ನೋಡಿದ್ದೇ ತಾಹೇರಾಳ ಜೀವ ಬಾಯಿಗೆ ಬಂತು. ಬೆಳಗಿನಿಂದ ಇಷ್ಟು ದೂರ ಓಡಿ ಬಂದವಳು, ಹುಳ ಹುಳ ಎಂದು ಹೊಡೆದುಕೊಂಡವಳು, ಈ ಹುಡುಗಿಯ ಮೈ ಮೇಲೆ ಆ ವಿಷ ಇಷ್ಟು ಹೊತ್ತಿನಿಂದ ಇದೆ ಎಂದು ಒಂದು ಸಲವಾದರೂ ನೆನೆದಿದ್ದಳೇ? ಇಲ್ಲ. ಅವಳ ಮರ್ಯಾದೆಗೆ ಹೆದರಿದ್ದಳು, ಅವಳ ಹೆಸರಿಗೆ ಹೆದರಿದ್ದಳು, ಅವಳಿಗೆ ಹೆದರಿರಲಿಲ್ಲ.

ಓಡಿಹೋಗಿ ಹಾರ ತೆಗೆದೆಸೆದಳು. ಜಡೆಯ ಪಿನ್ನುಗಳನ್ನು ಕೀಳುವ ಅವಸರಕ್ಕೆ ಒಂದು ಹುಡುಗಿಯ ನೆತ್ತಿಗೆ ಚುಚ್ಚಿತು. ಕುತ್ತಿಗೆಯ ಹಿಂದೆ, ಹಾರ ಕೂತ ಕಡೆ, ಚರ್ಮ ಕೆಂಪಗಾಗಿ ದದ್ದೆದ್ದಿತ್ತು.

"ಕೂತಾಗಿಂದ ತಲೆ ತಿರುಗ್ತಿತ್ತಕ್ಕ" ಎಂದಳು ಜಯಶೀಲ, ಯಾರಿಗೂ ಕೇಳಿಸದ ಹಾಗೆ. "ಬಸುರಿಗೆ ಅದೆಲ್ಲ ಇದ್ದದ್ದೇ, ಸುಮ್ನೆ ಕೂತ್ಕೊ ಅಂದ್ರು. ಒಳ್ಗಿರೋದಕ್ಕೆ ಏನಾರ ಆಯ್ತದಾ?"

"ಏನೂ ಆಗಲ್ಲ ಕಣವ್ವ" ಎಂದಳು ತಾಹೇರಾ. ಅವಳಿಗೆ ಗೊತ್ತಿರಲಿಲ್ಲ. ಹಿತ್ತಲ ತೊಟ್ಟಿಯ ಹತ್ತಿರ ಅವಳನ್ನು ಕೂರಿಸಿ, ಸೋಪು ಕೊಡಿ ಎಂದು ಕೂಗಿದಳು.

ಹುಳದ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಕೆಂಚಮ್ಮ ಅಲ್ಲಿಂದಲೇ ಕೂಗಿದಳು. "ಅಲ್ಲಿ ಬ್ಯಾಡ! ಆ ನೀರು ಸೊಪ್ಪಿನ ತೋಟಕ್ ಹರೀತದೆ. ಬೀದಿ ಕಡೆ ಹೋಗಿ ತೊಳ್ಕಳಿ."

ಬೀದಿಯಲ್ಲಿ, ಆಟೋದ ಪಕ್ಕದಲ್ಲಿ, ಮೆಹಬೂಬ ಬಿಂದಿಗೆಯಲ್ಲಿ ನೀರು ತಂದುಕೊಟ್ಟ. ತಲೆ, ಕುತ್ತಿಗೆ, ಕೈ ತೊಳೆದು, ಒದ್ದೆ ಕೂದಲಲ್ಲೇ ಹುಡುಗಿಯನ್ನು ಆಟೋಗೆ ಹತ್ತಿಸಿದಳು. ಪುಟ್ಟಸ್ವಾಮಿ ಸುಣ್ಣದ ಕೈಯಲ್ಲೇ ಓಡಿಬಂದು, "ನೀವ್ ನಡೀರಕ್ಕ, ಪರದೆ ಕಟ್ಬುಟ್ಟು ಬೈಕಲ್ಲಿ ಹಿಂದೇನೆ ಬತ್ತೀನಿ" ಎಂದ. ಚನ್ನಪಟ್ಟಣದ ಆಸ್ಪತ್ರೆಯವರೆಗೂ ತಾಹೇರಾ ಹುಡುಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಳು. ಎಷ್ಟೋ ಹೊತ್ತು ಮಗು ಮಿಸುಕಲಿಲ್ಲ.

ಡಾಕ್ಟರಮ್ಮ ಹೊಟ್ಟೆಗೆ ಯಂತ್ರ ಇಟ್ಟು ಕೇಳಿಸಿದಾಗ ಮಗುವಿನ ಎದೆಬಡಿತ ಕೋಣೆಯ ತುಂಬ ಟಕಟಕ ಎಂದಿತು. ತಾಹೇರಾ ಗೋಡೆಗೊರಗಿ ಅತ್ತುಬಿಟ್ಟಳು. ಒಳಗೇನೂ ಹೋದಂತಿಲ್ಲ, ಚರ್ಮಕ್ಕಷ್ಟೇ ತಗುಲಿದೆ, ಆದರೂ ರಾತ್ರಿ ಇಲ್ಲೇ ಇರಲಿ, ನೋಡೋಣ ಎಂದರು ಡಾಕ್ಟರಮ್ಮ.

ಪುಟ್ಟಸ್ವಾಮಿಯ ಬೈಕು ಬಂದಿರಲಿಲ್ಲ. ತಾಹೇರಾಳ ಫೋನಿಗೆ ಜಯಶೀಲಳ ನಂಬರಿನಿಂದ ಕರೆ ಬಂತು, ಅವಳು ಅದನ್ನು ಹುಡುಗಿಯ ಕೈಗೆ ಕೊಟ್ಟಳು. ಕೆಂಚಮ್ಮನ ಧ್ವನಿ ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ಜೋರಾಗಿತ್ತು.

"ಹುಳ ಎಲ್ಲಾ ಚೆನ್ನಾಗವೆ ಕಣವ್ವ! ಒಂದಕ್ಕೂ ಏನೂ ಆಗಿಲ್ಲ. ಸೊಪ್ಪು ಹಾಕೋಕ್ ಹಾಕೋಕ್ ಸಾಲ್ದು, ಹಂಗ್ ತಿಂತಾವೆ. ಅದ್ಕೇ ಅವ್ನು ಬರ್ನಿಲ್ಲ. ನೀನೂ ಬೇಗ ಬಂದ್ಬುಡು, ಕೈ ಸಾಲ್ದು." ಫೋನು ಇಟ್ಟಳು.

ಜಯಶೀಲಳ ಮುಖ ಅರಳಿತು. ಕಾಲೇಜಿನ ದಿನಗಳಲ್ಲೂ ತಾಹೇರಾ ಅವಳನ್ನು ಅಷ್ಟು ಸಂತೋಷದಲ್ಲಿ ಕಂಡಿರಲಿಲ್ಲ. "ಕೇಳುಸ್ತಾ ಅಕ್ಕ? ಹುಳ ಉಳ್ಕಂಡ್ವಂತೆ. ನನ್ನೂ ಕರೀತಾವ್ರೆ, ಸೊಪ್ಪು ಹಾಕೋಕೆ" ಎನ್ನುತ್ತ ಒದ್ದೆ ಕೂದಲನ್ನು ಗಂಟು ಹಾಕಿ, ಮಂಚದಿಂದ ಕಾಲು ಇಳಿಬಿಟ್ಟು ಚಪ್ಪಲಿ ಹುಡುಕತೊಡಗಿದಳು.

ಮಗು ಹೇಗಿದೆ ಎಂದು ಅವರು ಕೇಳಲಿಲ್ಲವಲ್ಲವ್ವ ಎನ್ನಬೇಕೆಂದು ತಾಹೇರಾ ಬಾಯಿ ತೆರೆದಳು. ಹುಡುಗಿಯ ಆ ನಗುಮುಖ ನೋಡಿ ಹೇಳಲಾಗಲಿಲ್ಲ. ಬೆಳಗಿನಿಂದ ಪಟ್ಟ ಭಯವೆಲ್ಲ ಒಂದು ತೂಕವಾದರೆ, ಈ ನಗು ಹುಟ್ಟಿಸಿದ ಭಯವೇ ಒಂದು ತೂಕವಾಯಿತು. ಅವಳು ಬಗ್ಗಿ ಚಪ್ಪಲಿಗಳನ್ನು ಎತ್ತಿಕೊಂಡು, ಸೆರಗಿನಡಿಯಲ್ಲಿ ಮುಚ್ಚಿಟ್ಟುಕೊಂಡು, ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟಳು.